ತಪ್ಪು ಮುಚ್ಚಿದರೆ ತಂತಿ ಹೇಳುತ್ತದೆ

ಸಿತಾರ್, ತಂಬೂರಿ ಎಂದರೆ ಮೀರಜ್. ನಮ್ಮ ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಊರು ಅದು. 19ನೇ ಶತಮಾನದಲ್ಲಿ ಆಯುಧ ಮಾಡುವ ಶಿಕಲಗಾರ ಮನೆತನದ ಫರೀದ್‌ಸಾಹೇಬರು ಅಲ್ಲಿ ವಾದ್ಯಗಳ ರಿಪೇರಿಗೆ ಕೈ ಹಾಕಿದರು. ಕೆಟ್ಟಿದ್ದನ್ನು ಸರಿಮಾಡುತ್ತಲೇ ಹೊಸದನ್ನು ಮಾಡಲು ಕಲಿತರು. ‘ಸಿತಾರ್‌ಮೇಕರ್’ ಎಂಬುದೇ ವಂಶದ ಅಡ್ಡಹೆಸರಾಯಿತು. 2024ರಲ್ಲಿ ಮೀರಜ್‌ನ ಸಿತಾರ್ ಮತ್ತು ತಂಬೂರಿಗೆ ಜಿಐ ಟ್ಯಾಗ್ ಸಿಕ್ಕಿತು.

ಆರ್ಡರ್ ಕೊಟ್ಟು ಮಾಡಿಸುವ ವಾದ್ಯದಲ್ಲಿ ತಪ್ಪಾದರೆ ಏನು ಮಾಡಬೇಕು? ತಪ್ಪುಗಳಲ್ಲಿ ಎರಡು ಬಗೆ.

ಮೊದಲನೆಯದು ತಿದ್ದಲು ಜಾಗ ಇರುವ ತಪ್ಪು. ಸಿತಾರಿನ ಪರದೆಗಳನ್ನು ದಾರದಿಂದ ಕಟ್ಟಿರುತ್ತಾರೆ. ಸ್ವರ ತಪ್ಪಿದರೆ ಪರದೆಯನ್ನು ಸರಿಸಿದರೆ ಆಯಿತು. ತಂಬೂರಿಯ ಜವಾರಿ ಹಾಗಲ್ಲ. ತಂತಿ ಕೂರುವ ಕುದುರೆಯ ಮೇಲ್ಮೈಯನ್ನು ಅರದಿಂದ ಉಜ್ಜಿ ನಾದ ಬರಿಸುತ್ತಾರೆ. ಉಜ್ಜಿ ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಆದ್ದರಿಂದ ಸ್ವಲ್ಪ ಉಜ್ಜುವುದು, ಮೀಟಿ ಕೇಳುವುದು, ಮತ್ತೆ ಸ್ವಲ್ಪ ಉಜ್ಜುವುದು.

ಎರಡನೆಯದು ಗಿಟಾರಿನ ಫ್ರೆಟ್ ತಪ್ಪು. ಮರದಲ್ಲಿ ಗೀರು ಕೊಯ್ದು ಲೋಹದ ಫ್ರೆಟ್ ಕೂರಿಸುವುದರಿಂದ ಅದು ಸರಿಯುವುದಿಲ್ಲ. ಉಳಿದ ತಂತಿಯ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ನ ಜಾಗ ಸಿಗುತ್ತದೆ. 648 ಮಿ.ಮೀ. ತಂತಿಯಲ್ಲಿ ಮೊದಲ ಫ್ರೆಟ್ 36.37 ಮಿ.ಮೀ.ಗೆ, 12ನೆಯದು ಸರಿಯಾಗಿ ಅರ್ಧಕ್ಕೆ, ಅಂದರೆ 324ಕ್ಕೆ ಬರುತ್ತದೆ. ಲೆಕ್ಕ ಸುಲಭವಾಗಲಿ ಎಂದು 18ರಿಂದ ಭಾಗಿಸಿ ನೋಡಿದೆ. ಮೊದಲ ಫ್ರೆಟ್ 36ಕ್ಕೆ ಬಂತು, ವ್ಯತ್ಯಾಸ ಅರ್ಧ ಮಿ.ಮೀ. ಕೂಡ ಇಲ್ಲ. ಆದರೆ 12ನೆಯದು 321.64ಕ್ಕೆ ನಿಂತಿತು! ಎರಡು ಮಿ.ಮೀ.ಗಿಂತ ಹೆಚ್ಚು ಹಿಂದೆ. ಅಲ್ಲಿ ಸ್ವರ ತಗ್ಗುತ್ತದೆ. ಬಿಡಿ ತಂತಿಯನ್ನು ಎಷ್ಟೇ ಶ್ರುತಿ ಮಾಡಿದರೂ ಈ ತಪ್ಪು ಅಡಗುವುದಿಲ್ಲ. ಫ್ರೆಟ್ ಕಿತ್ತು, ಗೀರಿಗೆ ಮರ ತುಂಬಿ, ಹೊಸದಾಗಿ ಕೊಯ್ಯಬೇಕು, ಇಲ್ಲವೇ ಆ ಹಲಗೆಯನ್ನೇ ಬದಲಿಸಬೇಕು.

ಇದರಲ್ಲಿ ಖರ್ಚಿದೆ, ದಿನಗಳೂ ಹೋಗುತ್ತವೆ. ಬಣ್ಣ ಹೊಡೆದು ಸುಮ್ಮನೆ ಕೊಟ್ಟುಬಿಡೋಣ ಎನ್ನಿಸುವುದು ಇಲ್ಲಿಯೇ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒದ್ದೆ ತಾಗಿದ್ದಕ್ಕೆ, ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಪ್ರವಾದಿ ಮುಹಮ್ಮದ್(ಸ) ವ್ಯಾಪಾರಿಯನ್ನು ಕೇಳಿದ ಹದೀಸ್ ನಮಗೆಲ್ಲ ಗೊತ್ತು. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು.

ಅಕೌಂಟೆನ್ಸಿಯಲ್ಲೂ ಇದೇ ನಿಯಮ. ತಪ್ಪು ಬರೆದದ್ದನ್ನು ಕೆರೆದು ಅಳಿಸುವಂತಿಲ್ಲ, ತಿದ್ದುಪಡಿ ನಮೂದು ಬರೆಯಬೇಕು. ಹಲವಾಗಲಿನ ನಮ್ಮ ಅಂಗಡಿಯ ಉದ್ರಿ ಪುಸ್ತಕದಲ್ಲಿ ನಾನು ಒಮ್ಮೆ 450ರ ಬದಲು 540 ಬರೆದಿದ್ದೆ. ಗಿರಾಕಿ ಓದು ಬಾರದವರು, ಹೇಳಿದಷ್ಟು ಕೊಟ್ಟು ಹೋದರು. ತಿಂಗಳ ಕೊನೆಗೆ ಚೀಟಿಗಳ ಜೊತೆ ತಾಳೆ ನೋಡಿದಾಗ 90 ರೂಪಾಯಿ ಹೆಚ್ಚಿತ್ತು. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು ಎಂದು ಕ್ಲಾಸಿನಲ್ಲಿ ಕಲಿತದ್ದು ನೆನಪಾಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅಬ್ಬಾಗೆ ಹೇಳಿದೆ. ಅವರು ಬೈಯಲಿಲ್ಲ. “ನೀನೇ ಹೋಗಿ ಕೊಟ್ಟು ಬಾ” ಎಂದರು. ಕೊಟ್ಟು ಬಂದೆ. ಆ ಗಿರಾಕಿ ಈಗಲೂ ನಮ್ಮ ಅಂಗಡಿಗೇ ಬರುತ್ತಾರೆ.