ನಿಡುಗಲ್ಲಿನ ನೆರಳೂ ಸಿದ್ಧಾಂತಶಿರೋಮಣಿಯೂ

ಭಾಸ್ಕರಾಚಾರ್ಯರ ಹೆಸರನ್ನೆತ್ತಿದೊಡನೆ ನಮ್ಮ ಗೃಹಸ್ಥರು ಲೀಲಾವತಿಯನ್ನು ನೆನೆಯುವರು; ದುಂಬಿ, ಹಂಸಗಳ ಲೆಕ್ಕಗಳನ್ನು ಮಕ್ಕಳಿಗೆ ಹೇಳಿ ಸಂತೋಷಪಡುವರು. ಸಂತೋಷವೇ ಸರಿ. ಆದರೆ ಲೀಲಾವತಿಯು ಆ ಮನೆಯ ಜಗಲಿ, ಬೀಜಗಣಿತವು ನಡುಮನೆ. ಶಕ 1072ರಲ್ಲಿ, ಎಂದರೆ ಕ್ರಿ.ಶ. 1150ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ಆಚಾರ್ಯರು ರಚಿಸಿದ ಸಿದ್ಧಾಂತಶಿರೋಮಣಿಯ ಒಳಮನೆಗಳೆಂದರೆ ಗ್ರಹಗಣಿತ ಮತ್ತು ಗೋಲಾಧ್ಯಾಯ. ಅಲ್ಲಿಗೆ ಕಾಲಿಡುವವರು ವಿರಳ.

ಆಚಾರ್ಯರ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವಂತೆ. ಅದು ನಮ್ಮ ವಿಜಾಪುರವೆಂದು ಕೆಲವರೂ, ಖಾನದೇಶದ ಪಾಟಣದ ಸಮೀಪವೆಂದು ಕೆಲವರೂ ವಾದಿಸುತ್ತಿರುವರು; ವಾದವು ಮುಗಿದಿಲ್ಲ. ಈ ಗ್ರಂಥವನ್ನು ಪಾಠ ಹೇಳುವುದಕ್ಕೆಂದೇ ಮೊಮ್ಮಗನಾದ ಚಾಂಗದೇವನು ಮಠವೊಂದನ್ನು ಸ್ಥಾಪಿಸಿದನೆಂಬುದಕ್ಕೆ ಪಾಟಣದ 1207ರ ಶಾಸನವು ಸಾಕ್ಷಿ.

ನಿಡುಗಲ್ಲಿನ ಬೆಟ್ಟದಲ್ಲಿ ಚೋಳ ಮನೆತನದವರು ಆಳುತ್ತಿದ್ದುದೂ ಆ ಶತಮಾನಗಳಲ್ಲಿಯೇ. ಆ ಬೆಟ್ಟದ ಬುಡದಲ್ಲಿಯೇ ಗ್ರಂಥದ ಒಂದು ಪಾಠವನ್ನು ನೋಡಬಹುದು. ವಿಷುವದ್ದಿನದಂದು, ಮಾರ್ಚಿ ತಿಂಗಳ 20 ಅಥವಾ 21ನೆಯ ತಾರೀಖು, ಸಮನೆಲದಲ್ಲಿ ಹನ್ನೆರಡಂಗುಲದ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿರಿ. ನಿಜವಾದ ಮಧ್ಯಾಹ್ನವು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 29 ನಿಮಿಷಕ್ಕೆ. ಆಗ ಬೀಳುವ ನೆರಳು ಮೂರಂಗುಲ. ಇದೇ ಪಲಭಾ. ಕೊರಟಗೆರೆಯಲ್ಲಿ ಅಂಗುಲದ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ವಿಜಾಪುರದಲ್ಲಿ ಮೂರೂವರೆಗಿಂತ ತುಸು ಹೆಚ್ಚು. ಪಂಚಾಂಗದವರ ರೂಢಿಯಂತೆ ಪಲಭೆಯನ್ನು ಹತ್ತರಿಂದಲೂ, ಎಂಟರಿಂದಲೂ, ಹತ್ತರ ಮೂರನೆಯ ಒಂದು ಪಾಲಿನಿಂದಲೂ ಗುಣಿಸಿದರೆ 30, 24, 10. ಒಟ್ಟು 64 ವಿಘಳಿಗೆ. ಇದರ ಇಮ್ಮಡಿಯನ್ನು 30 ಘಳಿಗೆಗೆ ಕೂಡಿಸಿದರೆ ನಿಡುಗಲ್ಲಿನ ಅತಿ ದೀರ್ಘವಾದ ಹಗಲು, 32 ಘಳಿಗೆ 8 ವಿಘಳಿಗೆ. ಗಂಟೆಯ ಲೆಕ್ಕದಲ್ಲಿ ಹನ್ನೆರಡು ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು. ಕಡ್ಡಿಯೊಂದರ ನೆರಳಿನಿಂದ ಹಗಲಿನ ಅಳತೆ! ಪಾವಗಡದ ತಿರುಮಣಿಯ ಸುತ್ತ ಸಾವಿರಾರು ಎಕರೆಗಳಲ್ಲಿ ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವವರಿಗೂ ಈ ಅಕ್ಷಾಂಶದ ಲೆಕ್ಕವು ತಪ್ಪಿದ್ದಲ್ಲ.

ಇನ್ನು ಗ್ರಹಗಣಿತದಲ್ಲಿ ತಾತ್ಕಾಲಿಕ ಗತಿಯೆಂಬುದೊಂದುಂಟು. ಚಂದ್ರನ ನಡೆಯು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ದಿನದ ಗತಿಯೊಂದನ್ನೇ ನಂಬಿ ತಿಥಿಯ ಅಂತ್ಯವನ್ನು ಗುಣಿಸಲಾಗದು. ಆ ಕ್ಷಣದ ಗತಿ ಬೇಕು. ಜ್ಯೆಯ ಏರಿಳಿತವು ಕೋಟಿಜ್ಯೆಯನ್ನು ಅನುಸರಿಸುವುದೆಂದೂ, ಗ್ರಹದ ಫಲವು ಪರಮವಾದಲ್ಲಿ ಗತಿಯ ಫಲವು ಶೂನ್ಯವೆಂದೂ ಆಚಾರ್ಯರು ಕಂಡರು. ಇಂದಿನ ಕಾಲೇಜುಗಳಲ್ಲಿ ಚಲನಕಲನವೆಂದು ಕಲಿಸುವ ಶಾಸ್ತ್ರದ ಬೀಜವು ಇಲ್ಲಿರುವುದು.

ಗೋಲಾಧ್ಯಾಯದಲ್ಲಿ ಭೂಮಿಗೆ ಆಧಾರವೇನೆಂಬ ಚರ್ಚೆ ಬರುವುದು. ಆಧಾರಕ್ಕೊಂದು ಆಧಾರ, ಅದಕ್ಕೆ ಮತ್ತೊಂದು ಎಂದರೆ ಅನವಸ್ಥೆ. ಕೊನೆಯದು ಸ್ವಶಕ್ತಿಯಿಂದ ನಿಲ್ಲಬಲ್ಲುದಾದರೆ ಭೂಮಿಯೇ ಏಕೆ ನಿಲ್ಲಬಾರದು? ಭೂಮಿಗೆ ಆಕರ್ಷಣಶಕ್ತಿಯುಂಟೆಂದೂ ಅಲ್ಲಿಯೇ ಹೇಳಿದೆ. ಇಷ್ಟನ್ನೇ ಹಿಡಿದು ನ್ಯೂಟನ್ನನು 1687ರಲ್ಲಿ ಪ್ರಕಟಿಸಿದ ನಿಯಮವೆಲ್ಲ ಇದರಲ್ಲಿತ್ತೆಂದು ಜಂಬ ಕೊಚ್ಚುವವರನ್ನು ನಾವು ಒಪ್ಪೆವು. ದೂರ ಹೆಚ್ಚಿದಂತೆ ಸೆಳೆತವು ಎಷ್ಟು ಕುಗ್ಗುವುದೆಂಬ ಲೆಕ್ಕವು ಅಲ್ಲಿಲ್ಲ. ಇಲ್ಲದ್ದನ್ನು ಹೊರಿಸಿದರೆ ಇರುವುದೂ ನಗೆಗೀಡಾಗುವುದು.

ನಾವು ಓದಿದ ಪಾಠಶಾಲೆಯಲ್ಲಿ ಶ್ಲೋಕವನ್ನು ಬಾಯಿಪಾಠ ಮಾಡಿಸಿದರು, ಉಪಪತ್ತಿಯನ್ನು ಹೇಳಲಿಲ್ಲ. ಆಚಾರ್ಯರಾದರೋ ಪ್ರತಿಯೊಂದು ಸೂತ್ರಕ್ಕೂ ಕಾರಣ ಕೇಳುವ ಶಿಷ್ಯನನ್ನೇ ಎಣಿಸಿ, ವಾಸನಾಭಾಷ್ಯವೆಂಬ ಗದ್ಯವನ್ನು ತಾವೇ ಬರೆದಿಟ್ಟಿರುವರು. ಸಂಸ್ಕೃತ ಬಲ್ಲ ಹಿರಿಯರೂ ಗಣಿತ ಬಲ್ಲ ಕಿರಿಯರೂ ಒಂದೇ ಮನೆಯಲ್ಲಿರುವ ಕುಟುಂಬಗಳು ಇನ್ನೂ ಉಂಟು. ಅಂಥವರು ಭಾಷ್ಯದ ಪುಟಗಳನ್ನು ನಡುವೆ ಹರಡಿಕೊಂಡು ಕೂಡಲಿ. ಕಡ್ಡಿಯನ್ನು ನೆಡಲು ಅಂಗಳವಿದ್ದರೆ ಸಾಕು.