ಕಾಲ್ಚೆಂಡಿನ ಸಂಘಗಳು ಕುಸಿಯುವುದೇಕೆ?

2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಒಂದು ದಿನ, ಚಿಕ್ಕಬಳ್ಳಾಪುರದ ನಮ್ಮ ತರಗತಿಯಲ್ಲಿ ಸಮತೋಲನದ ಪಾಠ ನಡೆದಿತ್ತು. ಬೋಗುಣಿಯ ಒಳಗೆ ಇಟ್ಟ ಗೋಲಿಯನ್ನು ಬೆರಳಿನಿಂದ ತಳ್ಳಿದರೆ ಅದು ಹಿಂದಕ್ಕೂ ಮುಂದಕ್ಕೂ ಉರುಳಾಡಿ ತಳಕ್ಕೇ ಬಂದು ನಿಲ್ಲುತ್ತದೆ. ಅದೇ ಬೋಗುಣಿಯನ್ನು ಮಗುಚಿ ಅದರ ನೆತ್ತಿಯ ಮೇಲೆ ಗೋಲಿಯನ್ನಿರಿಸಿದರೆ ಒಂದು ಉಸಿರು ತಾಕಿದರೂ ಸಾಕು, ಗೋಲಿ ಜಾರುತ್ತದೆ; ಜಾರಿದಷ್ಟೂ ಇಳಿಜಾರು ಕಡಿದಾಗಿ, ವೇಗ ಹೆಚ್ಚುತ್ತದೆ. ಮೊದಲನೆಯದು ಸ್ಥಿರ ಸಮತೋಲನ, ಎರಡನೆಯದು ಅಸ್ಥಿರ ಸಮತೋಲನ. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ, ದಿನವೂ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಸಾರ್, ಬೆಂಗಳೂರು ಎಫ್.ಸಿ. ಯಾವ ಬೋಗುಣಿಯಲ್ಲಿದೆ?” ಎಂದು ಕೇಳಿದನು. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ.

ಆ ವಾರದ ವೃತ್ತಪತ್ರಿಕೆಗಳನ್ನು ಓದಿದವರಿಗೆಲ್ಲ ಅವನ ಮಾತಿನ ಹಿನ್ನೆಲೆ ತಿಳಿದಿತ್ತು. 2013ರಲ್ಲಿ ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗನ್ನು ಗೆದ್ದು, 2015-16ರಲ್ಲಿ ಮತ್ತೆ ಗೆದ್ದು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ತನ್ನದಾಗಿಸಿಕೊಂಡ ಸಂಘವದು. ಅಂಥ ಸಂಘವು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತ್ತು. ಅದು ಯಾವ ಪಂದ್ಯವನ್ನೂ ಸೋತದ್ದರಿಂದ ಬಂದ ಕಷ್ಟವಲ್ಲ. ಲೀಗನ್ನು ನಡೆಸುವವರಿಗೂ ರಾಷ್ಟ್ರೀಯ ಒಕ್ಕೂಟಕ್ಕೂ ಇದ್ದ ಒಪ್ಪಂದದ ಅವಧಿ ಮುಗಿಯುತ್ತ ಬಂದು, ಲೀಗು ನಡೆಯುವುದೋ ಇಲ್ಲವೋ ಎಂಬುದೇ ಅನಿಶ್ಚಿತವಾಗಿತ್ತು.

ಗೆಲ್ಲುವ ತಂಡಕ್ಕೂ ಈ ಗತಿ ಬರುವುದಾದರೆ, ಸಂಘವೊಂದರ ಏಳುಬೀಳುಗಳನ್ನು ನಿಯಂತ್ರಿಸುವ ಕಾರಣಗಳು ಯಾವುವು? ಅವನ್ನು ಹುಡುಕಲು ನಾವು ಮೊದಲು ಆಟವನ್ನೇ ಸ್ವಲ್ಪ ಪರೀಕ್ಷಿಸಬೇಕು.

ಕಾಲ್ಚೆಂಡಿನಲ್ಲಿ ಗೋಲುಗಳು ವಿರಳ. ದೊಡ್ಡ ಲೀಗುಗಳಲ್ಲಿ ಪಂದ್ಯವೊಂದಕ್ಕೆ ಎರಡೂ ಕಡೆಯವು ಸೇರಿ ಸರಾಸರಿ ಎರಡೂವರೆಯಿಂದ ಮೂರು ಗೋಲುಗಳು. ಹೀಗೆ ಅಪರೂಪವಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಒದಗುವ ಘಟನೆಗಳ ಲೆಕ್ಕವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನನು 1837ರಲ್ಲಿ ಪ್ರಕಟಿಸಿದನು. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸನು ಪ್ರಷ್ಯದ ಸೈನ್ಯದಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ಸಂಖ್ಯೆ ಅದೇ ನಿಯಮಕ್ಕೆ ಒಳಪಡುವುದೆಂದು ತೋರಿಸಿದನು. ಕುದುರೆಯ ಒದೆತಕ್ಕೆ ಒಗ್ಗಿದ ನಿಯಮವು ಆಟಗಾರನ ಒದೆತಕ್ಕೂ ಸ್ಥೂಲವಾಗಿ ಒಗ್ಗುತ್ತದೆ! ಒಂದು ತಂಡಕ್ಕೆ ಪಂದ್ಯಕ್ಕೆ ಸರಾಸರಿ 2 ಗೋಲು, ಎದುರಾಳಿಗೆ 1 ಗೋಲು ಎಂದಿಟ್ಟುಕೊಳ್ಳೋಣ. ಮೊದಲನೆಯದರ ಬಲ ಇಮ್ಮಡಿ. ಆದರೂ ನಿಯಮದಂತೆ ಲೆಕ್ಕ ಹಾಕಿದರೆ 100 ಪಂದ್ಯಗಳಲ್ಲಿ ಅದು ಗೆಲ್ಲುವುದು ಸುಮಾರು 61ನ್ನು ಮಾತ್ರ. 21 ಪಂದ್ಯಗಳು ಸಮವಾಗುತ್ತವೆ, 18ರಲ್ಲಿ ದುರ್ಬಲ ತಂಡವೇ ಗೆಲ್ಲುತ್ತದೆ. ಕಾಲ್ಚೆಂಡಾಟದ ಸೊಗಸೆಲ್ಲ ಈ 18ರಲ್ಲಿದೆ. ಲೆಕ್ಕಿಗನ ಸಂಕಟವೂ ಅಲ್ಲೇ ಇದೆ. ಒಂದು ವರ್ಷದ ಪಟ್ಟಿಯಲ್ಲಿ ತಂಡವೊಂದು ಎರಡು ಮೂರು ಸ್ಥಾನ ಮೇಲಿರುವುದೂ ಕೆಳಗಿರುವುದೂ ಎಷ್ಟೋ ವೇಳೆ ಆಕಸ್ಮಿಕ.

ಪಟ್ಟಿಯ ತಳದಲ್ಲಿ ಮಾತ್ರ ಈ ಆಕಸ್ಮಿಕಕ್ಕೆ ಬೆಲೆ ತೆರಬೇಕಾಗುತ್ತದೆ. ಕಡೆಯ ಸ್ಥಾನಗಳಲ್ಲಿ ನಿಂತ ತಂಡವನ್ನು ಕೆಳಶ್ರೇಣಿಗೆ ಇಳಿಸುವುದು ಲೀಗುಗಳ ಪದ್ಧತಿ. ಇಳಿದ ಮರುವರ್ಷವೇ ಟಿಕೆಟ್ಟು, ಜಾಹೀರಾತು, ಪ್ರಸಾರ ಮೂರರಿಂದಲೂ ಬರುವ ಹಣ ಕುಗ್ಗುತ್ತದೆ. ಆಟಗಾರರ ಸಂಬಳವಾದರೋ ಮುಂಗಡವಾಗಿ ಹಲವು ವರ್ಷಗಳಿಗೆ ಕರಾರಾದದ್ದು. ಶಿಡ್ಲಘಟ್ಟದ ರೀಲರುಗಳಿಗೆ ಈ ಇಕ್ಕಟ್ಟನ್ನು ನಾವು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡಿಗೆ ಹಣ ತೆತ್ತು, ನೂಲು ಬಿಚ್ಚಿ ಮಾರುವ ಹೊತ್ತಿಗೆ ನೂಲಿನ ಬೆಲೆ ಇಳಿದಿದ್ದರೆ, ವ್ಯತ್ಯಾಸವನ್ನು ಯಾರು ತುಂಬಬೇಕು? ಸಂಘವು ಒಳ್ಳೆಯ ಆಟಗಾರರನ್ನು ಮಾರಿ ತುಂಬುತ್ತದೆ. ಅವರು ಹೋದ ಮೇಲೆ ಸೋಲು ಹೆಚ್ಚುತ್ತದೆ, ಪ್ರೇಕ್ಷಕರು ಕಡಿಮೆಯಾಗುತ್ತಾರೆ, ಹಣ ಮತ್ತಷ್ಟು ಕುಗ್ಗುತ್ತದೆ. ಮಗುಚಿದ ಬೋಗುಣಿಯ ಮೇಲಿನ ಗೋಲಿಯಂತೆ, ಬಿದ್ದಷ್ಟೂ ಬೀಳುವ ವೇಗ ಹೆಚ್ಚುತ್ತದೆ. ಕೊರತೆ ವರ್ಷವರ್ಷಕ್ಕೆ ಒಂದೂವರೆ ಪಾಲಾಗುತ್ತ ಹೋದರೆ, ಇಂದಿನ 4 ಲಕ್ಷ ರೂಪಾಯಿ ಮುಂದಿನ ವರ್ಷ 6, ಅನಂತರ 9, ಅದರಾಚೆಗೆ 13½ ಲಕ್ಷ. ಆರಂಭದ ನೂಕು ಆಕಸ್ಮಿಕವಾಗಿರಬಹುದು. ಅನಂತರದ ಜಾರುವಿಕೆ ಆಕಸ್ಮಿಕವಲ್ಲ.

ನಮ್ಮ ನಾಡಿನ ಹಳೆಯ ಸಂಘಗಳು ಈ ಜಾರುವಿಕೆಯನ್ನು ಬೇರೊಂದು ಉಪಾಯದಿಂದ ತಪ್ಪಿಸಿಕೊಂಡಿದ್ದವು. ಅವುಗಳ ಚರಿತ್ರೆ ಸಾಮಾನ್ಯವಾದುದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದು, ಅದನ್ನು ಪಡೆದ ಮೊದಲ ಭಾರತೀಯ ತಂಡವೆನಿಸಿದ್ದು ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ಪು ಅವರದೇ. ಆ ಸಂಘದಲ್ಲಿ ಪಳಗಿದ ಅಹಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ, 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋದರು. ಬಲವು ಬಲವಿದ್ದೆಡೆಗೇ ಹರಿಯುವುದು ಅಂದೂ ಇತ್ತು. ಮೈಸೂರು ರಾಜ್ಯದ ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು; ಅವುಗಳಲ್ಲಿ ಕೊನೆಯದು 1968-69ರಲ್ಲಿ. ಆ ಬಳಿಕ ಕರ್ನಾಟಕವು ಅದನ್ನು ಮತ್ತೆ ಮುಟ್ಟಿದ್ದು 2023ರ ಮಾರ್ಚ್ ತಿಂಗಳಲ್ಲಿ, ದೂರದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ.

ಈ ನಡುವಣ ಕಾಲದಲ್ಲಿ ಬೆಂಗಳೂರಿನ ಆಟವನ್ನು ಬಹುಮಟ್ಟಿಗೆ ಹೊತ್ತುನಿಂತದ್ದು ಕಾರ್ಖಾನೆಗಳು. ಐ.ಟಿ.ಐ. ಮತ್ತು ಎಚ್.ಎ.ಎಲ್. ತಂಡಗಳ ಆಟಗಾರರು ಕಾರ್ಖಾನೆಯ ನೌಕರರೂ ಆಗಿದ್ದರು. ತಂಡ ಸೋತರೂ ಗೆದ್ದರೂ ತಿಂಗಳ ಸಂಬಳ ತಪ್ಪುತ್ತಿರಲಿಲ್ಲ. ಆಡುವ ವಯಸ್ಸು ಮುಗಿದ ಮೇಲೂ ಉದ್ಯೋಗ ಉಳಿಯುತ್ತಿತ್ತು. ಹಣದ ಹರಿವು ಪಟ್ಟಿಯ ಸ್ಥಾನವನ್ನು ಅವಲಂಬಿಸದೆ ಇದ್ದುದರಿಂದ ಜಾರುವ ಮಾತೇ ಇರಲಿಲ್ಲ. ಎಷ್ಟೋ ಬಡಕುಟುಂಬಗಳ ಹುಡುಗರಿಗೆ ಕಾಲ್ಚೆಂಡು ಜೀವನೋಪಾಯವಾದದ್ದು ಈ ಏರ್ಪಾಡಿನಿಂದಲೇ. ಇದನ್ನು ಹಳೆಯ ಕಾಲದ ಪದ್ಧತಿಯೆಂದು ಹಗುರವಾಗಿ ನೋಡುವವರನ್ನು ನಾವು ಒಪ್ಪುವುದಿಲ್ಲ.

ಆದರೆ ಅದಕ್ಕೂ ಒಂದು ದೌರ್ಬಲ್ಯವಿತ್ತು. ವಸ್ತುವಿನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಅದರ ಪಾದದೊಳಗೆ ಬೀಳುವವರೆಗೆ ಮಾತ್ರ ವಸ್ತು ನಿಂತಿರುತ್ತದೆ. ಮೂರು ಕಾಲಿನ ಪೀಠಕ್ಕೆ ಅಗಲವಾದ ಪಾದವಿದೆ, ಒಂಟಿ ಕಂಬಕ್ಕಿಲ್ಲ. ಕಾರ್ಖಾನೆಯ ತಂಡಗಳು ನಿಂತದ್ದು ಒಂಟಿ ಕಂಬದ ಮೇಲೆ. 1948ರಲ್ಲಿ ಸ್ಥಾಪಿತವಾಗಿ ದೇಶಕ್ಕೆಲ್ಲ ದೂರವಾಣಿಗಳನ್ನು ಒದಗಿಸಿದ ಐ.ಟಿ.ಐ., 1991ರ ನಂತರದ ಪೈಪೋಟಿಯಲ್ಲಿ ಬಳಲಿ ರೋಗಗ್ರಸ್ತ ಉದ್ಯಮಗಳ ಸಾಲಿಗೆ ಸೇರಿತು. ಅಂಥ ಮನೆಯಲ್ಲಿ ಚೆಂಡಾಟಕ್ಕೆ ಹಣವೆಲ್ಲಿಂದ ಬರಬೇಕು? ಎಚ್.ಎ.ಎಲ್. ಕಾರ್ಖಾನೆಯಾದರೋ ಗಟ್ಟಿಯಾಗಿಯೇ ನಿಂತಿತ್ತು. ಆದರೂ ಅದರ ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿದ ಮೇಲೆ ಮತ್ತೆ ಆ ಮಟ್ಟಕ್ಕೆ ಬರಲಿಲ್ಲ. ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ತಂಡವೊಂದು ಸಣ್ಣ ಬಾಬತ್ತು. ಅದನ್ನು ಮೇಲೆತ್ತಲೇಬೇಕೆಂಬ ಒತ್ತಡ ಯಾರಿಗೂ ಇರುವುದಿಲ್ಲ. ಪಂಜಾಬಿನ ಜೆ.ಸಿ.ಟಿ. ತಂಡ 1996-97ರ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದದ್ದು. 2011ರಲ್ಲಿ ಕೆಳಗಿಳಿದೊಡನೆ ಮಾಲೀಕರು ಅದನ್ನು ಮುಚ್ಚಿಯೇಬಿಟ್ಟರು.

ಹಾಗಾದರೆ ಬಿದ್ದ ಸಂಘ ಏಳುವುದೇ ಇಲ್ಲವೇ? ಏಳುವುದುಂಟು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಎಂಬ ಬಂದರುಪಟ್ಟಣದ ಸಂಘವು 2008ರಲ್ಲಿ ಎಫ್.ಎ. ಕಪ್ಪನ್ನು ಗೆದ್ದಿತು. ಎರಡೇ ವರ್ಷಗಳಲ್ಲಿ, 10 ಕೋಟಿ ಪೌಂಡಿಗೂ ಮೀರಿದ ಸಾಲದ ಹೊರೆಯೊಡನೆ, ದಿವಾಳಿ ಕಾಯಿದೆಯಂತೆ ನೇಮಕವಾದ ಆಡಳಿತಾಧಿಕಾರಿಗಳ ವಶವಾಯಿತು. ದಂಡವಾಗಿ 9 ಅಂಕಗಳನ್ನೂ ಕಳೆಯಲಾಯಿತು. ಗಾಯದ ಮೇಲೆ ಬರೆ ಎಳೆದಂತೆ ಇದು ಕಾಣಬಹುದು. ಆದರೆ ಸಾಲದ ಹಣದಿಂದ ಕಪ್ಪು ಗೆಲ್ಲುವುದು ಮಿತವ್ಯಯದ ಸಂಘಗಳಿಗೆ ಮಾಡಿದ ಅನ್ಯಾಯವಲ್ಲವೇ? 2013ರ ವೇಳೆಗೆ ಅದು ಮೊದಲ ಶ್ರೇಣಿಯಿಂದ ನಾಲ್ಕನೆಯದಕ್ಕೆ ಇಳಿದಿತ್ತು. ಆಗ ಊರಿನ ಅಭಿಮಾನಿಗಳು ಒಬ್ಬೊಬ್ಬರು ಸಾವಿರ ಪೌಂಡಿನ ಪಾಲು ಕೊಂಡು ಸಂಘವನ್ನು ತಾವೇ ವಹಿಸಿಕೊಂಡರು. ಗಮನಿಸತಕ್ಕ ಸಂಗತಿಯೆಂದರೆ, ನಾಲ್ಕನೆಯ ಶ್ರೇಣಿಯಲ್ಲಿ ಆಡುತ್ತಿದ್ದಾಗಲೂ ಪಂದ್ಯವೊಂದಕ್ಕೆ ಸುಮಾರು 16,000 ಜನ ಹಣ ಕೊಟ್ಟು ಬರುತ್ತಿದ್ದರು. ಸ್ಥಾನ ಕುಸಿದರೂ ಆದಾಯ ಅಷ್ಟಾಗಿ ಕುಸಿಯಲಿಲ್ಲ. ಬೋಗುಣಿಯ ಅಂಚು ಗೋಲಿಯನ್ನು ಹಿಂದಕ್ಕೆ ತಳ್ಳುವಂತೆ, ಆ ಜನಸಮೂಹ ಸಂಘವನ್ನು ಹಿಂದಕ್ಕೆ ತಳ್ಳಿತು. 2017ರಲ್ಲಿ ಅದು ಮೂರನೆಯ ಶ್ರೇಣಿಗೂ 2024ರಲ್ಲಿ ಎರಡನೆಯದಕ್ಕೂ ಏರಿತು. ಬೀಳಲು ಮೂರು ವರ್ಷ, ಮೂರರಲ್ಲಿ ಎರಡು ಮೆಟ್ಟಿಲು ಏರಲು ಹನ್ನೊಂದು!

ಬೆಂಗಳೂರು ಎಫ್.ಸಿ.ಗೆ ಕಂಠೀರವ ಕ್ರೀಡಾಂಗಣದಲ್ಲಿ ಹಾಡಿ ಕುಣಿಯುವ ಅಭಿಮಾನಿಗಳಿದ್ದಾರೆ, ಬೆನ್ನಿಗೆ ದೊಡ್ಡ ಉದ್ಯಮವಿದೆ. 2025ರಲ್ಲಿ ಮುರಿದದ್ದು ಲೀಗೆಂಬ ಮೂರನೆಯ ಕಾಲು. ಆದುದರಿಂದ ಆ ವಿದ್ಯಾರ್ಥಿಗೆ ನಾವು, “ಒಂದು ಕಾಲು ಮುರಿದ ಪೀಠದ ಮೇಲಿದೆ” ಎಂದು ಉತ್ತರಿಸಿದೆವು. ಅವನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಲೆಕ್ಕವನ್ನು ತಾನೇ ಮಾಡಿನೋಡಬೇಕೆಂದನು.

ವಾಚಕರೂ ಮಾಡಿನೋಡಬಹುದಾದ ಪ್ರಯೋಗವದು. ನಮ್ಮ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ, ಚಿಕ್ಕಬಳ್ಳಾಪುರಗಳ ಹೆಸರಿನಲ್ಲಿ ಆರು ತಂಡಗಳು. ಪಂದ್ಯಕ್ಕೆ ಒಂದೊಂದು ತಂಡವೂ 8 ದಾಳಗಳನ್ನು ಎಸೆಯುತ್ತದೆ; ಬಿದ್ದ ಆರುಗಳೆಷ್ಟೋ ಅಷ್ಟು ಗೋಲು. ಪ್ರತಿಯೊಂದು ಜೋಡಿಗೆ ಎರಡು ಪಂದ್ಯ, ಒಟ್ಟು 30. ಎಲ್ಲ ತಂಡಗಳ ಬಲವೂ ಸಮ. ಆದರೂ ಮೊದಲ ಸುತ್ತಿನ ಪಟ್ಟಿಯಲ್ಲಿ ಗುಡಿಬಂಡೆ ನೆತ್ತಿಗೇರಿ, ಚಿಕ್ಕಬಳ್ಳಾಪುರ ತಳಕ್ಕೆ ಬಿತ್ತು. ತರಗತಿಯಲ್ಲಿ ಅದಕ್ಕೆ ಹತ್ತು ಕಾರಣಗಳೂ ಹುಟ್ಟಿಕೊಂಡವು! ಎರಡನೆಯ ಸುತ್ತಿಗೆ ತಳದ ತಂಡದಿಂದ ಎರಡು ದಾಳ ಕಿತ್ತು ನೆತ್ತಿಯ ತಂಡಕ್ಕೆ ಕೊಟ್ಟೆವು. ಮೂರನೆಯ ಸುತ್ತಿಗೂ ಹಾಗೆಯೇ. ನಾಲ್ಕನೆಯ ಸುತ್ತಿನ ಹೊತ್ತಿಗೆ ಚಿಕ್ಕಬಳ್ಳಾಪುರದ ಕೈಯಲ್ಲಿ ನಾಲ್ಕೇ ದಾಳಗಳಿದ್ದವು. ಆಗ ಶಿಡ್ಲಘಟ್ಟದ ಆ ಹುಡುಗನು ತನ್ನ ತಂಡದ ದಾಳವೊಂದನ್ನು ಮೇಜಿನ ಮೇಲೆ ಸರಿಸಿ, “ನಮ್ಮ ಜೊತೆ ಆಡಲು ಒಂದು ತಂಡ ಬೇಕಲ್ಲ, ಸಾರ್” ಎಂದನು.