ಬಾಟಲಿ ರಕ್ತದ ಕಥೆ

ಅಪಘಾತದ ಸುದ್ದಿ ತಿಳಿದು ಆಸ್ಪತ್ರೆಗೆ ಓಡಿ ಬಂದ ಬಂಧುಗಳು ಇಂದಿಗೂ ಆಡುವ ಮಾತು ಒಂದೇ: 'ಎರಡು ಬಾಟಲಿ ರಕ್ತ ಬೇಕಂತೆ.' ರಕ್ತನಿಧಿಗಳಿಂದ ಗಾಜಿನ ಬಾಟಲಿ ಮಾಯವಾಗಿ ದಶಕಗಳೇ ಕಳೆದಿವೆ. ಈಗಿರುವುದು ಪ್ಲಾಸ್ಟಿಕ್ ಚೀಲ. ದೊಡ್ಡ ಊರುಗಳಲ್ಲಾದರೆ ಆ ಚೀಲದಲ್ಲಿರುವುದು ಬಹುಮಟ್ಟಿಗೆ ಇಡೀ ರಕ್ತವೂ ಅಲ್ಲ, ಅದರ ಒಂದು ಭಾಗ ಮಾತ್ರ. ಇಡೀ ರಕ್ತ ಹೋಗಿ ಬಿಡಿ ಭಾಗಗಳು ಬಂದದ್ದು, ಈಗ ವೈದ್ಯರು ಮತ್ತೆ ಇಡೀ ರಕ್ತದ ಕಡೆ ತಿರುಗಿ ನೋಡುತ್ತಿರುವುದು ಒಂದು ನೂರು ವರ್ಷಗಳ ಕಥೆ. ಅದರ ಬಹುಪಾಲು ನಡೆದದ್ದು ರಣರಂಗದಲ್ಲಿ.

ಮೊದಲಿಗೆ ಎರಡು ತೊಡಕುಗಳಿದ್ದವು. ಒಬ್ಬರ ರಕ್ತ ಇನ್ನೊಬ್ಬರಿಗೆ ಏಕೆ ಹೊಂದುವುದಿಲ್ಲ ಎಂಬುದಕ್ಕೆ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಉತ್ತರ ಕೊಟ್ಟರು. ರಕ್ತದ ಗುಂಪುಗಳು ಬೆಳಕಿಗೆ ಬಂದವು. ಎರಡನೆಯದು, ಮೈಯಿಂದ ಹೊರಬಂದ ರಕ್ತ ಹೆಪ್ಪುಗಟ್ಟುವುದು. 1914ರಲ್ಲಿ ಬೆಲ್ಜಿಯಂನ ಹುಸ್ತಿನ್, ಅರ್ಜೆಂಟೀನಾದ ಆಗೋತೆ ಸೋಡಿಯಂ ಸಿಟ್ರೇಟ್ ಬೆರೆಸಿ ಇದನ್ನು ತಡೆದರು. 1917ರಲ್ಲಿ ಅಮೆರಿಕದ ಸೇನಾ ವೈದ್ಯ ಆಸ್ವಾಲ್ಡ್ ರಾಬರ್ಟ್‌ಸನ್ ಫ್ರಾನ್ಸ್‌ನ ಕಾಂಬ್ರೆ ಕದನದ ಹೊತ್ತಿಗೆ 'ಓ' ಗುಂಪಿನ ರಕ್ತವನ್ನು ಗಾಜಿನ ಬಾಟಲಿಗಳಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಗಾಯಾಳುಗಳಿಗೆ ಒದಗಿಸಿದರು. ರಕ್ತನಿಧಿಯ ಕಲ್ಪನೆ ಮೊಳೆತದ್ದು ಹೀಗೆ.

ಎರಡನೇ ಮಹಾಯುದ್ಧದಲ್ಲಿ ಒಣಗಿಸಿದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗದ ಪುಡಿ, ಬಳಕೆಗೆ ಬಂತು. ನೀರು ಬೆರೆಸಿದರೆ ಸಾಕು, ಸಾಗಿಸುವುದೂ ಸುಲಭ. ಆದರೆ ಆಮ್ಲಜನಕ ಹೊರುವ ಕೆಂಪು ಕಣಗಳು ಅದರಲ್ಲಿರಲಿಲ್ಲ. ಉತ್ತರ ಆಫ್ರಿಕಾದ ರಣರಂಗದಲ್ಲಿದ್ದ ಶಸ್ತ್ರವೈದ್ಯ ಎಡ್ವರ್ಡ್ ಚರ್ಚಿಲ್, ರಕ್ತ ಕಳೆದುಕೊಂಡವರಿಗೆ ರಕ್ತವೇ ಬೇಕು ಎಂದು 1943ರಲ್ಲಿ ಪಟ್ಟು ಹಿಡಿದರು. ಮರುವರ್ಷ ಅಮೆರಿಕದಿಂದ ಯೂರೋಪಿಗೆ ವಿಮಾನಗಳಲ್ಲಿ ಇಡೀ ರಕ್ತ ರವಾನೆಯಾಯಿತು.

ಯುದ್ಧ ಮುಗಿದ ಮೇಲೆ, 1950ರ ಸುಮಾರಿಗೆ, ಕಾರ್ಲ್ ವಾಲ್ಟರ್ ಪ್ಲಾಸ್ಟಿಕ್ ಚೀಲವನ್ನು ರೂಪಿಸಿದರು. ಬಾಟಲಿಯಂತೆ ಒಡೆಯದು ಎಂಬುದಷ್ಟೇ ಅದರ ಗುಣವಲ್ಲ. ಒಂದಕ್ಕೊಂದು ಕೊಳವೆಯಿಂದ ಜೋಡಿಸಿದ ಚೀಲಗಳನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ, ಗಾಳಿ ಸೋಕದಂತೆಯೇ ರಕ್ತವನ್ನು ಭಾಗ ಮಾಡಬಹುದಿತ್ತು. ಪ್ರತಿಯೊಂದು ಭಾಗಕ್ಕೂ ಅದರದೇ ಆರೈಕೆ. ಕೆಂಪು ಕಣಗಳು ಫ್ರಿಜ್‌ನಲ್ಲಿ 42 ದಿನ ಇರುತ್ತವೆ. ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಕೋಣೆಯ ಉಷ್ಣಾಂಶದಲ್ಲಿ, ನಿರಂತರ ಅಲುಗಾಡಿಸುತ್ತ ಐದು ದಿನ ಇಡುತ್ತಾರೆ. ಪ್ಲಾಸ್ಮಾವನ್ನು ಗಡ್ಡೆಗಟ್ಟಿಸಿ ಒಂದು ವರ್ಷ ಕಾಪಾಡಬಹುದು. ಒಬ್ಬ ದಾನಿಯಿಂದ ಮೂವರಿಗೆ ಉಪಕಾರ. ಥಲಸೀಮಿಯಾ ಇರುವ ಮಗುವಿಗೆ ಕೆಂಪು ಕಣ ಸಾಕು. ಡೆಂಗಿಯಿಂದ ಪ್ಲೇಟ್‌ಲೆಟ್ ತೀರಾ ಕುಸಿದು ರಕ್ತಸ್ರಾವವಾಗುತ್ತಿರುವವನಿಗೆ ಪ್ಲೇಟ್‌ಲೆಟ್ ಸಾಕು. ಇಡೀ ರಕ್ತ ಕೊಡುವುದು ದುಂದು ಎನಿಸಿದ್ದು ಸಹಜ.

ಆದರೆ ಲಾರಿಗೆ ಸಿಕ್ಕವನು ಕಳೆದುಕೊಳ್ಳುವುದು ಒಂದು ಭಾಗವನ್ನಲ್ಲ, ಎಲ್ಲವನ್ನೂ. ಅಂಥವನಿಗೆ ಮೊದಲು ಸಲೈನ್, ಆಮೇಲೆ ಕೆಂಪು ಕಣ, ಪರೀಕ್ಷೆಯ ವರದಿ ಬಂದ ಮೇಲೆ ಪ್ಲಾಸ್ಮಾ ಎಂಬ ಕ್ರಮ ಬಹುಕಾಲ ನಡೆಯಿತು. ಮೈಯಲ್ಲಿ ಉಳಿದಿದ್ದ ರಕ್ತ ನೀರು ಹುಯ್ದ ಸಾರಿನಂತೆ ತೆಳುವಾಗುತ್ತಿತ್ತು. ಹೆಪ್ಪುಗಟ್ಟಿಸುವ ಅಂಶಗಳು ಸಾಲದೆ ರಕ್ತ ಮತ್ತಷ್ಟು ಹರಿಯುತ್ತಿತ್ತು.

ಮತ್ತೆ ಪಾಠ ಕಲಿಸಿದ್ದು ಯುದ್ಧವೇ. ಬಾಗ್ದಾದಿನ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಅಪಾರ ರಕ್ತ ಪಡೆದ 246 ಗಾಯಾಳುಗಳ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕೆಂಪು ಕಣಗಳಿಗೆ ಹೋಲಿಸಿದರೆ ಪ್ಲಾಸ್ಮಾ ತೀರಾ ಕಡಿಮೆ ಸಿಕ್ಕವರಲ್ಲಿ ಶೇ 65 ಮಂದಿ ಸತ್ತಿದ್ದರು; ಹೆಚ್ಚುಕಡಿಮೆ ಸಮನಾಗಿ ಸಿಕ್ಕವರಲ್ಲಿ ಶೇ 19. ಬದುಕಿ ಉಳಿದವರಿಗಷ್ಟೇ ಹೆಚ್ಚು ಪ್ಲಾಸ್ಮಾ ಪಡೆಯಲು ಸಮಯವಿತ್ತಲ್ಲವೇ ಎಂಬ ಆಕ್ಷೇಪವೂ ಬಂತು. ಉತ್ತರ ಅಮೆರಿಕದ 12 ಆಸ್ಪತ್ರೆಗಳಲ್ಲಿ 680 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಿತ್ತು. ಮೂರೂ ಭಾಗಗಳನ್ನು ಸಮಪಾಲಿನಲ್ಲಿ ಕೊಟ್ಟಾಗ ಒಟ್ಟು ಸಾವಿನಲ್ಲಿ ಖಚಿತವೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲ 24 ಗಂಟೆಗಳಲ್ಲಿ ರಕ್ತ ಹರಿದೇ ಸತ್ತವರ ಪ್ರಮಾಣ ಶೇ 14.6ರಿಂದ ಶೇ 9.2ಕ್ಕೆ ಇಳಿದಿತ್ತು.

ಹಾಗಾದರೆ ಬೇರ್ಪಡಿಸಿ ಮತ್ತೆ ಕೂಡಿಸುವುದೇಕೆ? ಪ್ರತಿ ಚೀಲದಲ್ಲೂ ಸಂರಕ್ಷಕ ದ್ರಾವಣವಿರುವುದರಿಂದ ಮೂರನ್ನೂ ಕೂಡಿಸಿದರೂ ಮೂಲ ರಕ್ತ ಸಿಗದು. ಕೆಂಪು ಕಣಗಳ ಪಾಲು ಸುಮಾರು ಶೇ 29, ಹೆಪ್ಪುಗಟ್ಟಿಸುವ ಶಕ್ತಿ ಸುಮಾರು ಶೇ 65 ಮಾತ್ರ. ಇರಾಕ್, ಆಫ್ಘಾನಿಸ್ತಾನಗಳಲ್ಲಿ ಜೊತೆಯ ಸೈನಿಕರಿಂದಲೇ ಬಿಸಿ ರಕ್ತ ತೆಗೆದು ಗಾಯಾಳುಗಳಿಗೆ ಕೊಟ್ಟದ್ದುಂಟು. 2018ರಲ್ಲಿ ಅಮೆರಿಕದ ರಕ್ತನಿಧಿಗಳ ಸಂಘದ ನಿಯಮ ಸಡಿಲವಾಯಿತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಇಡೀ ರಕ್ತ ಹೆಲಿಕಾಪ್ಟರ್, ಆಂಬುಲೆನ್ಸ್‌ಗಳನ್ನೇರಿತು.

ಇದರಲ್ಲೂ ತೊಡಕುಗಳಿವೆ. 'ಓ' ಗುಂಪಿನ ಪ್ಲಾಸ್ಮಾದಲ್ಲಿ ಬೇರೆ ಗುಂಪಿನ ಕಣಗಳನ್ನು ಹಾಳುಮಾಡುವ ಪ್ರತಿಕಾಯಗಳಿರುತ್ತವೆ. ಅವು ಕಡಿಮೆ ಇರುವ ದಾನಿಗಳನ್ನೇ ಆರಿಸಬೇಕು. 1952ರಲ್ಲಿ ಮುಂಬೈಯಲ್ಲಿ ಪತ್ತೆಯಾದ ಅಪರೂಪದ 'ಬಾಂಬೆ' ಗುಂಪಿನವರಿಗೆ 'ಓ' ರಕ್ತವೂ ಆಗದು. ಇಡೀ ರಕ್ತವನ್ನು ತೆಗೆದಿರಿಸಿದಷ್ಟೂ ಬೇರೆ ರೋಗಿಗಳ ಪಾಲಿನ ಭಾಗಗಳು ಕಡಿಮೆಯಾಗುತ್ತವೆ.

ನಮ್ಮಲ್ಲಿ ಭಾಗ ಮಾಡುವ ಸೌಲಭ್ಯವಿಲ್ಲದ ಸಣ್ಣ ರಕ್ತನಿಧಿಗಳು ಇಂದಿಗೂ ಇಡೀ ರಕ್ತವನ್ನೇ ಕೊಡುತ್ತವೆ. ಅಲ್ಲಿ ಪ್ರಶ್ನೆ ಇಡಿಯೋ ಬಿಡಿಯೋ ಎಂಬುದಲ್ಲ, ಕಪಾಟಿನಲ್ಲಿ ರಕ್ತ ಇದೆಯೋ ಇಲ್ಲವೋ ಎಂಬುದು. ಹಣಕ್ಕಾಗಿ ರಕ್ತ ಮಾರುವವರನ್ನು ಅವಲಂಬಿಸುವುದು ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ನಿಷಿದ್ಧ. ದಾನಿಯ ರಕ್ತವನ್ನು ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸದೆ ಕೊಡುವಂತಿಲ್ಲ. ಇದಕ್ಕೆ ಸಮಯ ಬೇಕು. ರಕ್ತ ಸುರಿಯುತ್ತಿರುವವನ ಬಳಿ ಇಲ್ಲದ್ದು ಅದೇ. ಆದ್ದರಿಂದ ಅವನನ್ನು ಉಳಿಸುವುದು ಸುದ್ದಿ ಕೇಳಿ ಓಡಿ ಬಂದವರ ರಕ್ತವಲ್ಲ, ಯಾರಿಗೆಂದು ತಿಳಿಯದೆ ಹಿಂದಿನ ವಾರವೇ ಯಾರೋ ಕೊಟ್ಟುಹೋದ ರಕ್ತ. ಅದನ್ನು ಬಾಟಲಿ ಎಂದರೂ ಸರಿ, ಚೀಲ ಎಂದರೂ ಸರಿ.